ಗುಡ್ಡದ ಮೇಲೊಂದು ಗೇಟು

"ಕೋಲು ಗಿಡ್ಡ ಆಯ್ತು," ಎಂದರು ಗೇಟ್‌ಮ್ಯಾನ್, ಕೈಗೆ ಕೊಟ್ಟ ಕೆಂಪು ಬಾವುಟವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾ. "ಹೊಲಿಗೇನೂ ಒಂದೇ ಸುತ್ತು ಹಾಕಿದಾರೆ. ಜೋರು ಗಾಳಿ ಬಂದ್ರೆ ಬಟ್ಟೆ ಒಂದು ಕಡೆ, ಕೋಲು ಒಂದು ಕಡೆ."

ಸೀಟಿ ಮೇಷ್ಟ್ರು ನಕ್ಕರು. ಅವರು ಶಾಲೆಯಲ್ಲಿ ಆಟ ಕಲಿಸುವವರು. ವರ್ಷಕ್ಕೊಂದು ಸಲ ಈ ಗುಡ್ಡದಲ್ಲಿ ಸೈಕಲ್ ಇಳಿಸುವ ಸ್ಪರ್ಧೆ ನಡೆಸುವ ಯಜಮಾನಿಕೆಯೆಲ್ಲ ಅವರದೇ. ಆ ದಿನ ಸೀಟಿ ಅವರ ಬಾಯಿಂದ ಇಳಿಯುವುದಿಲ್ಲ; ಮಾತಾಡುವಾಗಲೂ ಅದನ್ನು ತುಟಿಯ ಒಂದು ಮೂಲೆಗೆ ಸರಿಸಿಕೊಂಡು ಮಾತಾಡುತ್ತಾರೆ.

"ಅದನ್ನ ಬೀಸೋ ಪ್ರಸಂಗಾನೇ ಬರದೇ ಇರ್ಲಿ ಯಜಮಾನ್ರೇ. ಯಾರಾದ್ರೂ ಬಿದ್ದು ದಾರಿಗೆ ಅಡ್ಡ ಇದ್ರೆ ಮಾತ್ರ ತೋರಿಸಿ. ದಾರಿ ಸರಿ ಇದ್ರೆ ಏನೂ ತೋರಿಸ್ಬೇಡಿ."

"ಏನೂ ತೋರಿಸ್ದೇ ಇದ್ರೆ ದಾರಿ ಸರಿ ಇದೆ ಅಂತ ಅವರಿಗೆ ಹೇಗೆ ಗೊತ್ತಾಗತ್ತೆ?"

"ಏನೂ ಕಾಣಿಸ್ಲಿಲ್ಲ ಅಂದ್ರೆ ಸರಿ ಇದೆ ಅಂತ್ಲೇ ಅರ್ಥ. ಬಾವುಟ ಕಂಡ್ರೆ ನಿಲ್ಬೇಕು. ಇಲ್ಲಿ ಅಷ್ಟೇ ಕಾನೂನು."

ಈ ಮಾತು ಗೇಟ್‌ಮ್ಯಾನ್ ಗಂಟಲಲ್ಲಿ ಇಳಿಯಲಿಲ್ಲ. ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯವರೆಗೂ ರೈಲ್ವೆ ಗೇಟಿನಲ್ಲಿ ನಿಂತವರು, ಒಂದು ಗಾಡಿಯನ್ನೂ ಬರಿಗೈಯಲ್ಲಿ ಕಳಿಸಿದವರಲ್ಲ. ಇವರು ಹಸಿರು ತೋರಿಸಬೇಕು, ಎಂಜಿನ್ನು ಕೂಗು ಹಾಕಬೇಕು, ಕೊನೆಯ ಡಬ್ಬಿ ದಾಟುವಾಗ ಅಲ್ಲಿಂದ ಗಾರ್ಡು ತನ್ನ ಹಸಿರನ್ನು ತಿರುಗಿ ತೋರಿಸಬೇಕು. ಆಮೇಲೇ ಗೇಟು ತೆಗೆಯುವುದು. ಮೌನವೇ ಸಮ್ಮತಿ ಎನ್ನುವುದು ಮದುವೆ ಮಾತುಕತೆಗೆ ಸರಿ, ಗಾಡಿಗೆ ಸರಿಯಲ್ಲ ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ಆದರೂ ಬೇರೆಯವರ ಲೈನಿನಲ್ಲಿ ಬೇರೆಯವರ ಕಾನೂನು. ತಲೆಯಾಡಿಸಿದರು.

ಅವರು ಬಂದದ್ದು ಮಗಳ ಸ್ಪರ್ಧೆ ನೋಡುವುದಕ್ಕೆ. ಇಳಿಯುವ ದಾರಿಯ ಒಂದೊಂದು ತಿರುವಿಗೂ ಒಬ್ಬೊಬ್ಬರು ಕಾವಲು ನಿಲ್ಲುವ ಪದ್ಧತಿ. ಅವರಲ್ಲೊಬ್ಬರು ಜ್ವರ ಬಂದು ಬೆಳಗ್ಗೆ ಕೈ ಕೊಟ್ಟಿದ್ದರು. ಯಾರನ್ನು ನಿಲ್ಲಿಸುವುದು ಎಂದು ಪರದಾಡುತ್ತಿದ್ದ ಮೇಷ್ಟ್ರಿಗೆ, ಮರದ ಕೆಳಗೆ ಫ್ಲಾಸ್ಕು ಹಿಡಿದು ಕೂತಿರುವವರು ರೈಲ್ವೆ ಗೇಟ್‌ಮ್ಯಾನ್ ಎಂದು ತಿಳಿದಾಗ, ಹುಡುಕುವ ಬಳ್ಳಿ ಕಾಲಿಗೆ ತೊಡರಿದಂತಾಯಿತು. ಗುಡ್ಡದ ನಡುಮಧ್ಯ, ನೋಡಲು ಬಂದವರ ಕಾಲುದಾರಿ ಸೈಕಲ್ ದಾರಿಯನ್ನು ಅಡ್ಡ ಹಾಯುವ ಕಡೆ ಎರಡೂ ಬದಿಗೆ ಹಗ್ಗ ಕಟ್ಟಿ, "ಇದು ನಿಮ್ಮ ಗೇಟು" ಎಂದು ಹೇಳಿ ಮೇಷ್ಟ್ರು ಮೇಲಕ್ಕೆ ಹೋದರು.

ಆ ಜಾಗದಿಂದ ನಾಲ್ಕು ಮಾರು ಮೇಲೆ ಬಂಡೆ ಇತ್ತು. ಅದು ಯಾವ ಬಂಡೆ ಎಂದು ಗೇಟ್‌ಮ್ಯಾನ್‌ಗೆ ಯಾರೂ ಹೇಳಬೇಕಾಗಿರಲಿಲ್ಲ.

ಮಗಳ ಅಡ್ಡಹೆಸರು ಗೂಡ್ಸು. ಇಟ್ಟವರು ಅಪ್ಪನೇ. ಹುಟ್ಟಿದ ಮಕ್ಕಳೆಲ್ಲ ನಡೆಯುವ ವಯಸ್ಸಿಗೆ ಅವಳು ನಡೆಯಲಿಲ್ಲ, ಮಾತಾಡುವ ವಯಸ್ಸಿಗೆ ಮಾತಾಡಲಿಲ್ಲ, ಒಂದು ಲೋಟ ಹಾಲು ಮುಗಿಸುವಷ್ಟರಲ್ಲಿ ಅಮ್ಮನ ಮನೆಗೆಲಸವೆಲ್ಲ ಮುಗಿದಿರುತ್ತಿತ್ತು. "ಗೂಡ್ಸು ಬಂತಾ?" ಎಂದು ಕೇಳುತ್ತಲೇ ಅವರು ಡ್ಯೂಟಿಯಿಂದ ಮನೆಗೆ ಬರುತ್ತಿದ್ದರು. ಈಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. ಅಲ್ಲಿಯೂ ನಿಧಾನಸ್ಥೆ ಎಂದೇ ಹೆಸರು. ಅಂಥವಳು ಗುಡ್ಡದ ನೆತ್ತಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಸೈಕಲ್ ಮೇಲೆ ನಿಂತಳೆಂದರೆ ಕಲ್ಲು, ಬೇರು, ಹಳ್ಳ ಯಾವುದನ್ನೂ ಲೆಕ್ಕಿಸದೆ ಬೀಳುವ ಕಲ್ಲಿನ ಹಾಗೆ ಇಳಿದುಬಿಡುತ್ತಾಳೆ. "ಹತ್ತೋದಕ್ಕೆ ಒದ್ದಾಡೋ ಜನಾನ ನೋಡಿದೀನಿ, ಇಳಿಯೋದಕ್ಕೆ ಒದ್ದಾಡೋರನ್ನ ನಮ್ಮನೇಲೇ ನೋಡಿದ್ದು," ಎಂದು ಅಮ್ಮ ಹೇಳುತ್ತಾಳೆ. ಹೇಳಿದರೂ ಪ್ರತಿ ಸ್ಪರ್ಧೆಗೂ ಹೋಗಿ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದವಳು ಅವಳೇ. ಗೇಟ್‌ಮ್ಯಾನ್‌ಗೆ ರಜೆ ಸಿಕ್ಕಿದ್ದೇ ಇಲ್ಲ.

ಹೋದ ವರ್ಷ ಮಗಳು ಬಿದ್ದದ್ದು ಈ ಬಂಡೆಯ ಮೇಲಿಂದ. ತುದಿಯಲ್ಲಿ ಒಂದು ಕ್ಷಣ ಹೆದರಿ ಬ್ರೇಕು ಮುಟ್ಟಿದಳು. ಮುಂದಿನ ಚಕ್ರ ಮೊದಲು ಕೆಳಗೆ ಹೋಯಿತು, ಹೆಗಲ ಮೂಳೆ ಮುರಿಯಿತು. ಅಮ್ಮ ಫೋನು ಮಾಡಿದಾಗ ಗೇಟ್‌ಮ್ಯಾನ್ ಡ್ಯೂಟಿಯಲ್ಲಿದ್ದರು, ಗೇಟು ಹಾಕಿತ್ತು, ಗಾಡಿ ಬರುತ್ತಿತ್ತು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಕೊನೆಯ ಡಬ್ಬಿ ಹೋಗುವವರೆಗೂ ಹಸಿರು ಹಿಡಿದು ನಿಂತಿದ್ದರು. ಗೇಟು ತೆಗೆದಾದ ಮೇಲೆ ನೆಲದ ಮೇಲೆ ಕೂತವರು ಬದಲಿ ಆಳು ಬರುವವರೆಗೂ ಏಳಲಿಲ್ಲ.

ಮೂಳೆ ಕೂಡಿಕೊಂಡಿತು. ಮಗಳು ಮತ್ತೆ ಗುಡ್ಡ ಇಳಿದಳು. ಆದರೆ ಅಭ್ಯಾಸಕ್ಕೆ ಬಂದಾಗಲೆಲ್ಲ ಬಂಡೆ ಹತ್ತಿರವಾಗುತ್ತಿದ್ದ ಹಾಗೆ ಹ್ಯಾಂಡಲ್ಲು ತಾನಾಗಿ ಎಡಕ್ಕೆ ತಿರುಗುತ್ತಿತ್ತು. ಎಡಗಡೆ ಒಂದು ಬಳಸುದಾರಿ ಇದೆ, ಹೊಸಬರಿಗೆಂದು ಮಾಡಿದ್ದು. ಅದರಲ್ಲಿ ಹೋಗುವುದು ತಪ್ಪಲ್ಲ, ನಾಚಿಕೆಯೂ ಅಲ್ಲ. ಆದರೆ ಅವಳಿಗೆ ಅದು ಎದೆಯ ಮುಳ್ಳಾಗಿತ್ತು.

"ನಾಳೆ ಬಂಡೆ ಮೇಲಿಂದ ಹೋಗಕ್ಕಾಗ್ಲಿಲ್ಲ ಅಂದ್ರೆ ಸೈಕಲ್ ಬಿಟ್ಬಿಡ್ತೀನಪ್ಪ," ಎಂದಿದ್ದಳು ನಿನ್ನೆ, ತಟ್ಟೆ ಒರೆಸುತ್ತಾ. "ಹೆದರ್ಕೊಂಡು ಇಳಿಯೋದಾದ್ರೆ ಬಸ್ಸಲ್ಲೇ ಇಳೀಬಹುದು."

"ಬಿಟ್ರೆ ಬಿಡು, ನಾವೇನು ಕೈ ಹಿಡ್ಕೊಳ್ತೀವಾ?" ಎಂದಿದ್ದಳು ಅಮ್ಮ. "ಎಡವಿದ ಕಾಲೇ ಎಡವೋದು." ಆಮೇಲೆ ತನ್ನ ಊದಿದ ಮೊಣಕಾಲು ಒತ್ತಿಕೊಳ್ಳುತ್ತಾ, "ಈ ಸಲ ನೀವಾದ್ರೂ ಹೋಗಿ. ಒಬ್ಬಳೇ ಆಗ್ಬಾರ್ದು," ಎಂದು ಗಂಡನಿಗೆ ಹೇಳಿದ್ದಳು.

ಗೇಟ್‌ಮ್ಯಾನ್ ಚೀಲಕ್ಕೆ ಬ್ಯಾಂಡೇಜಿನ ಸುರುಳಿ ಹಾಕಿಕೊಂಡಿದ್ದರು. ಬಿಡಲಿ, ಬಿಟ್ಟರೆ ಸಾಕು ಎಂದು ಅವರ ಒಂದು ಮನಸ್ಸು ದೇವರಿಗೆ ಕೈ ಮುಗಿಯುತ್ತಿತ್ತು. ಹೆದರಿ ಬಿಟ್ಟೆ ಎನ್ನುವ ಮಾತು ಮುದುಕಿಯಾಗುವವರೆಗೂ ಅವಳ ಹಿಂದೆ ಬರುತ್ತದಲ್ಲ ಎಂದು ಇನ್ನೊಂದು ಮನಸ್ಸು ಸಂಕಟಪಡುತ್ತಿತ್ತು.

ಚೀಲದಲ್ಲಿ ಫ್ಲಾಸ್ಕು, ಬ್ರೆಡ್ಡು, ಬ್ಯಾಂಡೇಜಿನ ಸುರುಳಿ. ಅವುಗಳ ಜೊತೆಗೆ ಸುತ್ತಿದ ಹಸಿರು ಬಾವುಟವೊಂದು. ನಿವೃತ್ತಿಯ ದಿನ ಜೊತೆಯವರು ಗಡಿಯಾರದ ಜೊತೆ ಕೊಟ್ಟದ್ದು. "ಕೆಂಪು ಕೊಡಲ್ಲ. ಇನ್ನು ಮೇಲೆ ನೀನೂ ಯಾರನ್ನೂ ತಡೀಬೇಡ, ನಿನ್ನೂ ಯಾರೂ ತಡೀಬಾರ್ದು," ಎಂದಿದ್ದರು. ಗಡಿಯಾರ ಗೋಡೆಯ ಮೇಲೆ ಉಳಿಯಿತು. ಬಾವುಟ ಮಾತ್ರ ಅವರು ಹೋದಲ್ಲೆಲ್ಲ ಹೋಗುತ್ತಿತ್ತು, ತರಕಾರಿ ತರುವುದಕ್ಕೂ. ಹೆಂಡತಿ ಕೇಳಿದರೆ ನಾಯಿ ಓಡಿಸುವುದಕ್ಕೆ ಎನ್ನುತ್ತಿದ್ದರು. ಹಸಿರು ಬಾವುಟ ತೋರಿಸಿದರೆ ನಾಯಿ ಇನ್ನೂ ಹತ್ತಿರ ಬರಲ್ಲವೇ ಎಂದು ಅವಳು ನಗುತ್ತಿದ್ದಳು.

ಸ್ಪರ್ಧೆ ಶುರುವಾಯಿತು. ಮೇಲಿನ ತಿರುವಿನಲ್ಲಿ ಸೀಟಿ, ಅದರ ಕೆಳಗಿನದರಲ್ಲಿ ಸೀಟಿ. ಸವಾರ ದಾಟಿದ ಕಡೆಯೆಲ್ಲ ಕಾವಲಿನವರು ಊದಿ ಮುಂದಿನವರಿಗೆ ತಿಳಿಸಬೇಕು. ಹಾಗೆ ಸೀಟಿಯೇ ಗುಡ್ಡ ಇಳಿಯುತ್ತಾ ಬರುತ್ತಿತ್ತು. ಗೇಟ್‌ಮ್ಯಾನ್ ಹಗ್ಗ ಬಿಗಿದರು.

"ಒಂದೇ ನಿಮಿಷ ಬಿಡ್ರಿ, ಓಡಿ ದಾಟ್ಕೊಂಡ್ಬಿಡ್ತೀನಿ," ಎಂದಳು ಛತ್ರಿ ಹಿಡಿದ ಹೆಂಗಸೊಬ್ಬಳು. ಅವಳ ತಮ್ಮನೂ ಸ್ಪರ್ಧೆಯಲ್ಲಿದ್ದನಂತೆ. ಅವನನ್ನು ಹುಡುಕಿಕೊಂಡು ಆ ಬದಿಯಿಂದ ಈ ಬದಿಗೆ, ಈ ಬದಿಯಿಂದ ಆ ಬದಿಗೆ ಬೆಳಗ್ಗಿನಿಂದ ತಿರುಗುತ್ತಿದ್ದಳು.

"ಗೇಟ್ ಹಾಕಿದೆಯಮ್ಮ."

"ಇದೇನು ರೈಲಾ?"

"ರೈಲಾದ್ರೆ ಕೂಗ್ಕೊಂಡು ಬರತ್ತೆ. ಇದು ಅದೂ ಇಲ್ಲ," ಎಂದರು ಗೇಟ್‌ಮ್ಯಾನ್. ಗೊಣಗುವವರನ್ನು ಹಗ್ಗದ ಆಚೆ ನಿಲ್ಲಿಸಿಕೊಂಡು ಎಷ್ಟೋ ದಿನವಾಗಿತ್ತು. ಅವರಿಗೆ ಖುಷಿಯೇ ಆಯಿತು.

ಮೊದಲು ಜಲ್ಲಿ ಚೆಲ್ಲಿದ ಸದ್ದು. ಬಂಡೆಯ ಮೇಲೆ ಒಂದು ಬಣ್ಣ. ಅಂಗಿ ಯಾವ ಬಣ್ಣ ಎಂದು ನೋಡುವಷ್ಟರಲ್ಲಿ ಬೆನ್ನು. ಕೆಲವರು ಬಂಡೆಯಿಂದ ಹಾರಿದರು, ಕೆಲವರು ಬಳಸಿ ಬಂದರು. ಒಬ್ಬೊಬ್ಬರು ದಾಟಿದಾಗಲೂ ಗೇಟ್‌ಮ್ಯಾನ್ ತಿರುಗಿ, ಕೆಳಗಿನ ತಿರುವಿನಲ್ಲಿ ಮರೆಯಾಗುವವರೆಗೆ ಅವರ ಬೆನ್ನನ್ನೇ ನೋಡಿದರು. ಗಾಡಿ ಪೂರ್ತಿ ಹೋಯಿತೇ, ಏನಾದರೂ ಜೋತಾಡುತ್ತಿದೆಯೇ, ಹೊಗೆ ಏಳುತ್ತಿದೆಯೇ ಎಂದು ನೋಡುವ ಹಳೆಯ ಚಾಳಿ. ಕೈ ಮಾತ್ರ ಹಿಡಿತದಲ್ಲಿತ್ತು. ಯಾರಿಗೂ ಏನೂ ತೋರಿಸಲಿಲ್ಲ.

ಮೇಲಿನ ತಿರುವಿನ ಕಾವಲಿನವನು ಕೂಗಿ ಹೇಳಿದ, "ಯಜಮಾನ್ರೇ, ಮುಂದಿನದು ನಿಮ್ಮವಳು."

ಗೇಟ್‌ಮ್ಯಾನ್ ಹಗ್ಗವನ್ನು ಇನ್ನೊಮ್ಮೆ ಬಿಗಿದರು. ಕೈಗೊಂದು ಆಸರೆ ಇರಲಿ ಎಂದು ಚೀಲದಿಂದ ಹಸಿರು ಬಾವುಟ ತೆಗೆದು ಹಿಡಿದುಕೊಂಡರು. ಹಿಡಿದುಕೊಂಡದ್ದು ಅಷ್ಟೇ. ಸೀಟಿ ಕೇಳಿಸಿತು. ಇನ್ನೊಂದು ಸೀಟಿ. ಮರಗಳ ನಡುವೆ ಅವಳ ಬಿಳಿ ಹೆಲ್ಮೆಟ್ ಕಂಡಿತು. ಆಮೇಲೆ ಆದದ್ದನ್ನು ಅವರು ಮಾಡಿದರು ಎನ್ನುವುದಕ್ಕಿಂತ ಅವರ ಕೈ ಮಾಡಿತು ಎನ್ನಬೇಕು. ಬಾವುಟ ಬಿಚ್ಚಿಕೊಂಡಿತು. ತೋಳು ನೆಟ್ಟಗೆ ಹೆಗಲಿನ ಮಟ್ಟಕ್ಕೆ ಎದ್ದಿತು. ಬದುಕಿಡೀ ಎಷ್ಟೋ ಗಾಡಿಗಳಿಗೆ, ಒಳಗೆ ಮಲಗಿದ ಯಾರದೋ ಮಕ್ಕಳಿಗೆ ಹಿಡಿದ ಹಾಗೆಯೇ ಹಿಡಿದರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕೆಲಸದ ಗುಣವೂ ಹಾಗೆಯೇ.

ಎರಡೂ ಬ್ರೇಕು ಒಟ್ಟಿಗೆ ಕಿರುಚಿದವು. ಸೈಕಲ್ಲು ಬುಡಮೇಲಾಗುವಷ್ಟು ಓಲಾಡಿ, ಮಣ್ಣು ಕೆರೆಯುತ್ತಾ ಬಂದು, ಬಂಡೆಯ ತುದಿಗೆ ಒಂದು ಸೈಕಲ್ಲಿನಷ್ಟು ದೂರದಲ್ಲಿ ನಿಂತಿತು. ಧೂಳಿನೊಳಗಿಂದ ಮಗಳ ಸ್ವರ ಬಂತು.

"ಯಾರು ಬಿದ್ರು?"

"ಯಾರೂ ಇಲ್ಲ."

"ಮತ್ತೆ ಬಾವುಟ?"

ಗೇಟ್‌ಮ್ಯಾನ್ ತಮ್ಮ ಕೈಯನ್ನು ತಾವೇ ಹೊಸದಾಗಿ ನೋಡಿದರು. "ಹಸಿರು ಕಣೇ," ಎಂದರು ಸಣ್ಣ ದನಿಯಲ್ಲಿ. "ಹೋಗು ಅಂತ."

ಅವಳು ಗಾಗಲ್ಸ್ ಹಣೆಗೇರಿಸಿದಳು. ಬಯ್ಯುತ್ತಾಳೆ ಎಂದುಕೊಂಡರು. ಬಯ್ಯಲಿಲ್ಲ. ಸೈಕಲ್ಲನ್ನು ಬದಿಗೆಳೆದು ಹುಲ್ಲಿನ ಮೇಲೆ ಮಲಗಿಸಿ, ಪಕ್ಕದಲ್ಲಿ ಕೂತಳು. ಗೇಟ್‌ಮ್ಯಾನ್ ಬಂಡೆಯ ಪಕ್ಕದಿಂದ ಹತ್ತಿ ಅವಳ ಹತ್ತಿರ ಹೋದರು. ಹೋಗುವಾಗ ಚಕ್ರ ಕೆರೆದ ಗುರುತು ಕಣ್ಣಿಗೆ ಬಿತ್ತು. ಅದು ಬಳಸುದಾರಿಯ ಕಡೆ ಒಂದಿಷ್ಟೂ ವಾಲಿರಲಿಲ್ಲ. ನೇರ ಬಂಡೆಗೆ ಬಂದಿತ್ತು.

"ಬಂಡೆ ಮೇಲೇ ಬರ್ತಿದ್ದೆ," ಎಂದಳು ಮಗಳು. "ಬ್ರೇಕಿಂದ ಬೆರಳು ತೆಗೆದಿದ್ದೆ ಅಪ್ಪ. ಒಂದು ವರ್ಷದಲ್ಲಿ ಇವತ್ತೇ ಮೊದಲ ಸಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದೂ ಹೆತ್ತ ಅಪ್ಪನೇ ಕೈ ತಟ್ಟಿ ಬೀಳಿಸಿದ ಹಾಗಾಗಿತ್ತು. ಗೇಟ್‌ಮ್ಯಾನ್‌ಗೆ ಅಲ್ಲೇ ಭೂಮಿಗಿಳಿದು ಹೋಗಬೇಕೆನಿಸಿತು.

ಸೀಟಿ ಮೇಷ್ಟ್ರು ಏದುಸಿರು ಬಿಡುತ್ತಾ ಇಳಿದು ಬಂದರು. "ಹಸಿರು ಬಾವುಟಾನಾ? ಅದೆಲ್ಲಿತ್ತು?" ಎಂದು ಕೇಳಿ, ನಗು ಬಂದು, ಅಪ್ಪ ಮಗಳ ಮುಖ ನೋಡಿ ನಗುವನ್ನು ನುಂಗಿಕೊಂಡರು. "ಯಾವ ಬಣ್ಣ ಆದ್ರೂ ಬಾವುಟ ಬಾವುಟಾನೇ. ತಪ್ಪು ನಮ್ಮ ಕಡೇದು. ಉಳಿದವರೆಲ್ಲ ಇಳಿದ್ಮೇಲೆ ಇನ್ನೊಂದ್ಸಲ ಬಿಡ್ತೀವಿ. ಸೈಕಲ್ ಮೇಲಕ್ಕೆ ಒಯ್ಯೋ ಟ್ರ್ಯಾಕ್ಟರ್ ಬರೋವರೆಗೂ ಇಲ್ಲೇ ಇರಮ್ಮ." ಉಳಿದವರು ಇಳಿಯುವಷ್ಟು ಹೊತ್ತು ಹಗ್ಗವನ್ನು ತಾವೇ ಹಿಡಿದುಕೊಳ್ಳುತ್ತೇನೆಂದು ಕೆಳಗೆ ಹೋದರು.

ಗೇಟ್‌ಮ್ಯಾನ್ ಬ್ರೆಡ್ಡು ತೆಗೆದು ಕೊಟ್ಟರು. ಅವಳು ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡಳು. "ಅಮ್ಮ ಜಾಮ್ ಕಮ್ಮಿ ಹಾಕಿದಾಳೆ."

"ಬಿದ್ರೆ ಅಂಟಾಗತ್ತೆ ಅಂತ ಇರ್ಬೇಕು."

ಅವಳು ನಗಲಿಲ್ಲ. "ಒಂದು ಸಲಕ್ಕೆ ಆಗೋಷ್ಟು ಧೈರ್ಯ ಕೂಡಿಸ್ಕೊಂಡು ಬಂದಿದ್ದೆ," ಎಂದಳು. "ಅದು ಖರ್ಚಾಯ್ತು. ಇನ್ನೊಂದು ಸಲಕ್ಕೆ ಎಲ್ಲಿಂದ ತರ್ಲಿ?"

ಗೇಟ್‌ಮ್ಯಾನ್ ಎದ್ದು ದಾರಿಯ ಬದಿಯಲ್ಲಿ ಸವಾರರ ಹಾಗೆ ಬಗ್ಗಿ ನಿಂತು ಬಂಡೆಯ ತುದಿಯತ್ತ ನೋಡಿದರು. ಬೆಳಗ್ಗಿನಿಂದ ಅದನ್ನು ಕೆಳಗಿನಿಂದಲೇ ನೋಡಿದ್ದರು. ಆಳೆತ್ತರದ ಒಂದು ಕಲ್ಲು, ಅಷ್ಟೇ. ಮೇಲಿನಿಂದ ಕಲ್ಲೂ ಇರಲಿಲ್ಲ. ಒಂದು ಅಂಚು, ಅಂಚಿನಾಚೆ ಆಕಾಶ.

"ಆ ಕಡೆ ನೆಲಾನೇ ಕಾಣಲ್ವಲ್ಲ," ಎಂದರು.

"ಕಾಣಲ್ಲ. ಇದೆ ಅಂತ ನಂಬಿ ಬಿಡ್ಬೇಕು."

"ಬಳಸ್ಕೊಂಡು ಹೋಗ್ಬಿಡು ಗೂಡ್ಸು. ಯಾರೇನಂದ್ಕೊಂಡ್ರೆ ಏನು?"

"ನಿಜವಾಗ್ಲೂ ಅದನ್ನೇ ಹೇಳ್ತಿದೀಯಾ?"

ಗೇಟ್‌ಮ್ಯಾನ್ ಬಂದು ಅವಳ ಪಕ್ಕ ಕೂತರು. ಕೈಯಲ್ಲಿದ್ದ ಹಸಿರು ಬಟ್ಟೆಯನ್ನು ಕೋಲಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. "ಒಂದು ಮನಸ್ಸು ಹೇಳತ್ತೆ," ಎಂದರು.

"ಇನ್ನೊಂದು?"

"ಇನ್ನೊಂದೇ ನಿಂಗೆ ಹಸಿರು ತೋರಿಸಿದ್ದು."

ಮಗಳು ಅವರ ಮುಖ ನೋಡಿದಳು. ಇಬ್ಬರ ಪಕ್ಕದಲ್ಲೇ ಕೊನೆಯ ಸವಾರ ಬಂಡೆ ಹಾರಿ ಹೋದ. ಅವನು ಛತ್ರಿಯವಳ ತಮ್ಮನಿರಬೇಕು. ಕೆಳಗೆ ಅವಳ ಕೇಕೆ ಕೇಳಿಸಿತು. ಅಷ್ಟರಲ್ಲಿ ಪಕ್ಕದ ಗಾಡಿದಾರಿಯಲ್ಲಿ ಟ್ರ್ಯಾಕ್ಟರ್ ಬಂತು. ಗೇಟ್‌ಮ್ಯಾನ್ ಸೈಕಲ್ಲಿನ ಒಂದು ತುದಿ ಹಿಡಿದು ಹತ್ತಿಸಲು ನೆರವಾದರು.

"ನನ್ನ ಬದಲು ಇಲ್ಲಿ ಬೇರೆ ಯಾರನ್ನಾದ್ರೂ ನಿಲ್ಸಕ್ಕೆ ಮೇಷ್ಟ್ರಿಗೆ ಹೇಳ್ತೀನಿ," ಎಂದರು. "ನಾನು ಕೆಳಗಡೆ ಹೋಗಿ ನಿಂತಿರ್ತೀನಿ. ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ."

"ಬೇಡ. ನೀನು ಇಲ್ಲೇ ಇರು." ಮಗಳು ಕೈ ಚಾಚಿದಳು. "ಅದನ್ನ ಕೊಡಿಲ್ಲಿ."

ಅವರು ಹಸಿರು ಬಾವುಟ ಕೊಟ್ಟರು, ತುಂಟತನ ಮಾಡಿ ಸಿಕ್ಕಿಬಿದ್ದ ಮಗು ಕೊಡುವ ಹಾಗೆ. ಅವಳು ಬಟ್ಟೆಯನ್ನು ಕೋಲಿನಿಂದ ಕಳಚಿ, ಕೋಲನ್ನು ಮಾತ್ರ ಅವರಿಗೆ ಹಿಂದಿರುಗಿಸಿದಳು.

"ಕೈ ಹಿಂದೆ ಕಟ್ಕೊಂಡು ನಿಂತ್ಕೋ," ಎಂದು ಹೇಳಿ ಟ್ರ್ಯಾಕ್ಟರ್ ಏರಿದಳು.

ಗೇಟ್‌ಮ್ಯಾನ್ ತಮ್ಮ ಜಾಗಕ್ಕೆ ಬಂದರು. ಮೇಷ್ಟ್ರು ಹಗ್ಗ ಒಪ್ಪಿಸಿ ಹೋದರು. ಸ್ಪರ್ಧೆ ಮುಗಿಯಿತೆಂದುಕೊಂಡ ಜನ ಎರಡೂ ಬದಿಗೆ ಬಂದು ಸೇರತೊಡಗಿದ್ದರು. ಛತ್ರಿಯವಳು ಎಲ್ಲರಿಗಿಂತ ಮುಂದಿದ್ದಳು.

"ಎಲ್ಲಾರೂ ಹೋಗಾಯ್ತಲ್ಲ. ಇನ್ನೂ ಯಾಕೆ ಕಟ್ಟಿದೀರಿ? ನನ್ನ ತಮ್ಮ ಕೆಳಗೆ ಕಾಯ್ತಿದಾನೆ."

"ಒಂದು ಗಾಡಿ ಬಾಕಿ ಇದೆಯಮ್ಮ."

ಕೆಂಪು ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈಗಳನ್ನು ಬೆನ್ನ ಹಿಂದೆ ಕಟ್ಟಿದರು. ಬಲಗೈಯನ್ನು ಎಡಗೈ ಬಿಗಿಯಾಗಿ ಹಿಡಿದಿತ್ತು, ಕಳ್ಳನನ್ನು ಹಿಡಿದ ಹಾಗೆ. ಮೇಲೆಲ್ಲೋ ಮೊದಲ ಸೀಟಿ ಕೇಳಿಸಿತು. ಇಷ್ಟು ಬೇಗವೇ ಎಂದುಕೊಂಡರು. ಎರಡನೆಯದು. ಅದರ ಕೆಳಗಿನದು. ಬಲಗೈ ಮಿಸುಕಿತು, ಎಡಗೈ ಬಿಡಲಿಲ್ಲ. ಗಾಡಿಗೆ ಏನೂ ಹೇಳದೆ ನಿಲ್ಲುವುದು ಇಷ್ಟು ಕಷ್ಟವೆಂದು ಅವರಿಗೆ ಗೊತ್ತಿರಲಿಲ್ಲ.

ಬಿಳಿ ಹೆಲ್ಮೆಟ್ ಮರಗಳ ನಡುವಿನಿಂದ ಹೊರಬಿತ್ತು. ದಾರಿ ಕವಲಾಗುವ ಕಡೆ ಬಂತು. ಎಡಕ್ಕೆ ಬಳಸುದಾರಿ, ಎದುರಿಗೆ ಬಂಡೆ. ಮುಂದಿನ ಚಕ್ರ ಒಮ್ಮೆ ನಡುಗಿತು. ಚಕ್ರ ತಿರುಗಲಿಲ್ಲ, ನೇರ ಬಂತು. ಆಮೇಲೆ ಸದ್ದೇ ನಿಂತುಹೋಯಿತು. ಜಲ್ಲಿಯ ಸದ್ದಿಲ್ಲ, ಸರಪಳಿಯ ಸದ್ದಿಲ್ಲ. ಆಕಾಶದಲ್ಲಿ ಸೈಕಲ್ಲು, ಅದರ ಮೇಲೆ ಗೂಡ್ಸು. ಇಷ್ಟು ವರ್ಷದ ಸರ್ವೀಸಿನಲ್ಲಿ ಸದ್ದಿಲ್ಲದೆ ಹೋಗುವ ಗಾಡಿಯನ್ನು ಅವರು ನೋಡಿರಲಿಲ್ಲ.

ಧಡ್ ಎಂದು ಎರಡೂ ಚಕ್ರ ಒಟ್ಟಿಗೆ ನೆಲಕ್ಕೆ ತಾಗಿದವು. ಕಲ್ಲುಪುಡಿ ಅವರ ಕಾಲಿಗೆ ಸಿಡಿಯಿತು. ಅವಳ ಮುಖ ಕಾಣಲಿಲ್ಲ, ಕಾಣುವಷ್ಟು ಹೊತ್ತೂ ಇರಲಿಲ್ಲ. ಗೇಟ್‌ಮ್ಯಾನ್ ಅಭ್ಯಾಸದಂತೆ ತಿರುಗಿ ಬೆನ್ನು ನೋಡಿದರು.

ಸೊಂಟದ ಪಟ್ಟಿಗೆ ಹಿಂದುಗಡೆ ಸಿಕ್ಕಿಸಿದ್ದ ಹಸಿರು ಬಟ್ಟೆ ಗಾಳಿಗೆ ಬಿಚ್ಚಿಕೊಂಡು, ಕೊನೆಯ ಡಬ್ಬಿಯಿಂದ ಗಾರ್ಡು ತೋರಿಸುವ ಬಾವುಟದ ಹಾಗೆ ಹಾರುತ್ತಿತ್ತು. ಕೆಳಗಿನ ತಿರುವಿನಲ್ಲಿ ಅವಳು ಮರೆಯಾಗುವವರೆಗೂ ಅದು ಕಾಣಿಸಿತು.

"ಈಗ್ಲಾದ್ರೂ ತೆಗೀತೀರಾ?" ಎಂದಳು ಛತ್ರಿಯವಳು.

ಗೇಟ್‌ಮ್ಯಾನ್ ಸ್ವಲ್ಪ ತಡಿ ಎನ್ನುವ ಹಾಗೆ ಕೈ ಎತ್ತಿದರು. ಕೆಳಗಿನ ತಿರುವಿನಲ್ಲಿ ಸೀಟಿ ಕೂಗಿತು. ಅದರ ಕೆಳಗಿನದರಲ್ಲಿ ಇನ್ನೊಂದು. ಸೀಟಿ ಸಣ್ಣದಾಗುತ್ತಾ ಇಳಿಯಿತು, ಕೊನೆಗೆ ತಪ್ಪಲಿನಿಂದ ಒಂದು, ಕೇಳಿಸಿತೋ ಇಲ್ಲವೋ ಎನ್ನುವಷ್ಟು. ಆಮೇಲೆ ಅವರು ಹಗ್ಗದ ಗಂಟಿಗೆ ಕೈ ಹಾಕಿದರು. ಗಂಟು ಬಿಚ್ಚಲು ಹೊತ್ತು ಹಿಡಿಯಿತು. ಛತ್ರಿಯವಳು ಅವರ ಮುಖ ನೋಡಿ, ಛತ್ರಿ ಮಡಿಸಿಕೊಂಡು ಕಾದಳು.

"ಹೋಗಿಯಮ್ಮ," ಎಂದರು ಗೇಟ್‌ಮ್ಯಾನ್. "ಗಾಡಿ ಹೋಯ್ತು."

ಜನ ದಾಟತೊಡಗಿದರು. ಎಲ್ಲರೂ ದಾಟುವವರೆಗೆ ಅವರು ಹಗ್ಗದ ತುದಿ ಹಿಡಿದು ಪಕ್ಕದಲ್ಲಿ ನಿಂತಿದ್ದರು.